ಬೆಟ್ಟದ ಬೆನ್ನಿಗೆ ಜೋಳದ ಸಿಪ್ಪೆ

2011ರ ಮೇ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋದವರಿಗೆ ಒಂದು ಕೋಣೆಯಲ್ಲಿ ಸುಮಾರು ಐದು ಮೀಟರ್ ಎತ್ತರದ ಚೀನೀ ಬೆಟ್ಟವೊಂದು ಎದುರಾಗುತ್ತಿತ್ತು. ಬುಡದಲ್ಲಿ ಮರಗಳು, ಅವುಗಳ ಹಿಂದೆ ಒಂದರ ಹೆಗಲನ್ನೊಂದು ಏರಿ ನಿಂತ ಬಂಡೆಗಳು, ನಡುನಡುವೆ ಬಿಳಿ ಮಂಜು, ತುದಿಯಲ್ಲಿ ಬಾನಿಗೆ ಕರಗಿಹೋಗುವ ಶಿಖರ. ಕಪ್ಪು, ಬೂದು, ಬಿಳಿ ಬಿಟ್ಟರೆ ಬೇರೆ ಬಣ್ಣದ ಸುಳಿವಿಲ್ಲ. ಒದ್ದೆ ಹಾಳೆಯೊಳಕ್ಕೆ ಮಸಿ ಇಳಿದು ಹಬ್ಬಿದ ಹಾಗೆ ಬೆಟ್ಟದ ಅಂಚುಗಳೆಲ್ಲ ಮೆತ್ತಗಾಗಿದ್ದವು. ಯಾರೋ ಪಳಗಿದ ಕೈಯವರು ದೊಡ್ಡ ಕುಂಚ ಹಿಡಿದು ಬರೆದ ಚಿತ್ರವೆಂದೇ ನೋಡಿದವರು ನಂಬಬೇಕು, ಹಾಗಿತ್ತು ಅದು.

ಆ ಚಿತ್ರದ ಬೆನ್ನ ಹಿಂದಕ್ಕೂ ಹೋಗಿ ನೋಡಬಹುದಿತ್ತು. ಹೋದವರ ಕಣ್ಣಿಗೆ ಬಿದ್ದದ್ದು ಮುಸುಕಿನ ಜೋಳದ ಸಿಪ್ಪೆ, ಒಣಗಿದ ಗಿಡ, ಕಡ್ಡಿ, ಸೆಣಬಿನ ನಾರು, ಮುದುರಿದ ಕಾಗದ. ಅವನ್ನೆಲ್ಲ ಬಿದ್ದುಹೋಗದಂತೆ ಅಂಟುಪಟ್ಟಿಯಿಂದ ಹಿಡಿದು ನಿಲ್ಲಿಸಿದ್ದರು. ಅವುಗಳ ಹಿಂದೆ ಉರಿಯುವ ದೀಪಗಳು. ಚಿತ್ರ ಬರೆದ ಹಾಳೆ ಅಲ್ಲಿರಲಿಲ್ಲ, ಮಸಿ ಇರಲಿಲ್ಲ, ಕುಂಚ ಆಡಿದ ಗುರುತೂ ಇರಲಿಲ್ಲ.

ಇದನ್ನು ಕಟ್ಟಿದವರು ಚೀನಾದ ಕಲಾವಿದ ಶೂ ಬಿಂಗ್. ಕೃತಿಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಬೆನ್ನ ಹಿಂದಿನ ಕಥೆ’. ಆ ಹೆಸರಿನ ಸರಣಿಯಲ್ಲಿ ಇದು ಏಳನೆಯದು. ಬೆಟ್ಟ ಅವರ ಸ್ವಂತ ಕಲ್ಪನೆಯದಲ್ಲ. ವಾಂಗ್ ಶಿಮಿನ್ ಎಂಬ ಚಿತ್ರಕಾರ 1654ರಲ್ಲಿ ಬರೆದ, ಈಗ ಅದೇ ಮ್ಯೂಸಿಯಂನ ಸಂಗ್ರಹದಲ್ಲಿರುವ, ಗೋಡೆಗೆ ಇಳಿಬಿಡುವ ಸುರುಳಿಚಿತ್ರದ ಬೆಟ್ಟ ಅದು. ಮುನ್ನೂರೈವತ್ತು ವರ್ಷ ದಾಟಿದ ಚಿತ್ರವನ್ನು ಕಸಕಡ್ಡಿಯಿಂದ ಮತ್ತೆ ಕಟ್ಟಿ ನಿಲ್ಲಿಸಿದರೆ ಅದು ಹಿರಿಯರಿಗೆ ಮಾಡಿದ ನಮಸ್ಕಾರವೋ ಅವಮಾನವೋ? ಯಾರಿಗಾದರೂ ಈ ಅನುಮಾನ ಬಂದೀತು. ಉತ್ತರ ಸಿಗಬೇಕಾದರೆ ಚೀನೀ ಬೆಟ್ಟಗಳು ಹಾಳೆಯ ಮೇಲೆ ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಭೂದೃಶ್ಯ ಚಿತ್ರಕ್ಕೆ ಚೀನೀಯರು ಕೊಟ್ಟ ಹೆಸರು ‘ಶಾನ್‌ಶುಯಿ’. ಶಾನ್ ಎಂದರೆ ಬೆಟ್ಟ, ಶುಯಿ ಎಂದರೆ ನೀರು. ನಾಲ್ಕು-ಐದನೆಯ ಶತಮಾನದಲ್ಲಿ ಬಾಳಿದ ಜೊಂಗ್ ಬಿಂಗ್ ಎಂಬಾತ ಮುಪ್ಪಿನಲ್ಲಿ ಬೆಟ್ಟ ಹತ್ತಲು ಕಾಲು ಸೋತಾಗ, ತಾನು ಅಲೆದಾಡಿದ ಬೆಟ್ಟಗಳನ್ನು ಮನೆಯ ಗೋಡೆಗಳ ಮೇಲೆ ಬರೆದುಕೊಂಡ. ಮಲಗಿದಲ್ಲೇ ಯಾತ್ರೆ ಮಾಡುವುದು ಅವನ ಆಸೆ. ಮುಂದೆ ಹನ್ನೊಂದನೆಯ ಶತಮಾನದಲ್ಲಿ ಗುವೊ ಶಿ ಎಂಬ ಆಸ್ಥಾನ ಚಿತ್ರಕಾರ ಬೆಟ್ಟ ನೋಡುವ ಮೂರು ಬಗೆಯ ದೂರವನ್ನು ವಿವರಿಸಿದ: ಬುಡದಲ್ಲಿ ನಿಂತು ತಲೆಯೆತ್ತಿ ಶಿಖರ ನೋಡುವ ದೂರ, ಮುಂದಿನ ಬೆಟ್ಟದ ಸಂದಿಯಿಂದ ಹಿಂದಿನ ಬೆಟ್ಟವನ್ನು ಇಣುಕುವ ದೂರ, ಹತ್ತಿರದ ಗುಡ್ಡದಿಂದ ಆಚೆಯ ಗುಡ್ಡಸಾಲನ್ನು ದಿಟ್ಟಿಸುವ ದೂರ. 1072ರಲ್ಲಿ ಅವನು ಬರೆದ ‘ವಸಂತದ ಆರಂಭ’ ಈಗ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಚಿತ್ರದ ಮುಂದೆ ನಿಂತವನ ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುವುದಿಲ್ಲ. ಹಳ್ಳದ ದಂಡೆಯಲ್ಲಿ ನಡೆದು, ತಿರುವಿನಲ್ಲಿ ಮರೆಯಾಗಿ, ಮಂಜಿನಲ್ಲಿ ದಾರಿ ತಪ್ಪಿ, ಇನ್ನೊಂದು ಎತ್ತರದಲ್ಲಿ ಹೊರಬರುತ್ತದೆ. ನೋಡುಗ ನಡೆಯಲೇಬೇಕಾದ ಚಿತ್ರ ಅದು. ಶೂ ಬಿಂಗ್ ಅವನನ್ನು ಇನ್ನೂ ಹತ್ತು ಹೆಜ್ಜೆ ಹೆಚ್ಚು ನಡೆಸುತ್ತಾರೆ, ಚಿತ್ರದ ಹಿಂದಕ್ಕೆ.

ಶೂ ಬಿಂಗ್ ಹುಟ್ಟಿದ್ದು 1955ರಲ್ಲಿ ಚೊಂಗ್‌ಚಿಂಗ್ ನಗರದಲ್ಲಿ, ಬೆಳೆದದ್ದು ಬೀಜಿಂಗ್‌ನಲ್ಲಿ. ತಂದೆ ಪೀಕಿಂಗ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿದ್ದರು, ತಾಯಿ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ. ಅಕ್ಷರ ಬಾರದ ವಯಸ್ಸಿನಲ್ಲೇ ಪುಸ್ತಕಗಳ ನಡುವೆ ಓಡಾಡಿದ ಹುಡುಗ ಅವರು. ಅಕ್ಷರ ಬಂದು ಓದಿನ ರುಚಿ ಹತ್ತುವ ಹೊತ್ತಿಗೆ 1966ರ ಸಾಂಸ್ಕೃತಿಕ ಕ್ರಾಂತಿ ಬಂತು. ಹಳೆಯ ಪುಸ್ತಕಗಳೇ ಅಪರಾಧವಾದ ಕಾಲ ಅದು. ಸರ್ಕಾರ ಲಿಪಿಯನ್ನು ಸರಳಗೊಳಿಸುತ್ತಿದ್ದುದರಿಂದ ಕಲಿತ ಅಕ್ಷರವನ್ನು ಮರೆತು ಇನ್ನೊಂದು ರೂಪದಲ್ಲಿ ಕಲಿಯುವ ಪಾಡೂ ಆ ತಲೆಮಾರಿನದಾಯಿತು. 1974ರಲ್ಲಿ, ನಗರದ ಲಕ್ಷಾಂತರ ಯುವಕರಂತೆ, ಶೂ ಬಿಂಗ್ ಕೂಡ ಹಳ್ಳಿಯ ದುಡಿಮೆಗೆ ಹೋದರು. 1977ರಲ್ಲಿ ಬೀಜಿಂಗ್‌ನ ಕೇಂದ್ರೀಯ ಲಲಿತಕಲಾ ಅಕಾಡೆಮಿ ಸೇರಿ ಮುದ್ರಣಕಲೆ ಕಲಿತರು. ಮರದ ಹಲಗೆ ಕೆತ್ತಿ ಅಚ್ಚು ಹಾಕುವುದು ಅವರ ಕೈಗೆ ಹತ್ತಿದ ಕಸುಬು.

ಆ ಕಸುಬಿನಿಂದಲೇ ಅವರ ಹೆಸರು ಜಗತ್ತಿಗೆ ತಿಳಿಯಿತು. 1987ರಲ್ಲಿ ಕೆತ್ತನೆಗೆ ಕುಳಿತ ಶೂ ಬಿಂಗ್ ಸುಮಾರು 4,000 ಅಕ್ಷರಗಳನ್ನು ಕೈಯಾರೆ ಕೆತ್ತಿದರು. ನೋಡಲು ಎಲ್ಲವೂ ಚೀನೀ ಅಕ್ಷರಗಳೇ. ಅದೇ ಗೆರೆ, ಅದೇ ಚುಕ್ಕೆ, ಅದೇ ಚೌಕಟ್ಟು. ಓದಲು ಹೊರಟರೆ ಒಂದಕ್ಕೂ ಅರ್ಥವಿಲ್ಲ, ಉಚ್ಚಾರವಿಲ್ಲ. ಹಳೆಯ ಪದ್ಧತಿಯಂತೆ ಅಚ್ಚು ಹಾಕಿ, ದಾರದಿಂದ ಹೊಲಿದು, ಸುರುಳಿಗಳನ್ನು ಚಾವಣಿಯಿಂದ ಇಳಿಬಿಟ್ಟು 1988ರಲ್ಲಿ ಬೀಜಿಂಗ್‌ನಲ್ಲಿ ಪ್ರದರ್ಶಿಸಿದ ಆ ಕೃತಿಯೇ ‘ಆಕಾಶದ ಪುಸ್ತಕ’. 1990ರಲ್ಲಿ ಶೂ ಬಿಂಗ್ ಅಮೆರಿಕಕ್ಕೆ ಹೋದರು, 1999ರಲ್ಲಿ ಅಲ್ಲಿಯ ಮೆಕ್‌ಆರ್ಥರ್ ಫೆಲೋಶಿಪ್ ಪಡೆದರು, 2008ರಲ್ಲಿ ತಾವು ಕಲಿತ ಅಕಾಡೆಮಿಗೇ ಉಪಾಧ್ಯಕ್ಷರಾಗಿ ಮರಳಿದರು. ದೇಶ ಬದಲಾದರೂ ಅವರನ್ನು ಕಾಡಿದ್ದು ಒಂದೇ ವಿಷಯ: ಕಣ್ಣಿಗೆ ಕಾಣುವ ರೂಪಕ್ಕೂ ಅದರ ಒಡಲಿನಲ್ಲಿರುವ ವಸ್ತುವಿಗೂ ಇರುವ ನಂಟು ಎಂಥದು?

‘ಬೆನ್ನ ಹಿಂದಿನ ಕಥೆ’ಯ ಮೊದಲ ಕೃತಿ ಹುಟ್ಟಿದ್ದು 2004ರಲ್ಲಿ, ಬರ್ಲಿನ್‌ನ ಪೂರ್ವ ಏಷ್ಯಾ ಕಲೆಯ ವಸ್ತುಸಂಗ್ರಹಾಲಯದಲ್ಲಿ. ಆ ಸಂಸ್ಥೆಗೆ ಒಂದು ದೊಡ್ಡ ಗಾಯವಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿಯ ಸಂಗ್ರಹದ ಬಹುಪಾಲು ಕೃತಿಗಳನ್ನು ಸೋವಿಯತ್ ಸೇನೆ ಹೊತ್ತೊಯ್ದಿತು. ಉಳಿದದ್ದು ಛಾಯಾಚಿತ್ರಗಳು. ಪ್ರದರ್ಶನಕ್ಕೆ ಕರೆ ಬಂದಾಗ ಶೂ ಬಿಂಗ್ ಆ ಕಳೆದುಹೋದ ಚಿತ್ರಗಳನ್ನೇ ಆರಿಸಿಕೊಂಡರು. ವಿಮಾನ ನಿಲ್ದಾಣವೊಂದರಲ್ಲಿ ಮಸುಕು ಗಾಜಿನ ಹಿಂದೆ ಇಟ್ಟಿದ್ದ ಕುಂಡದ ಗಿಡ ಮಸಿಯಲ್ಲಿ ಬರೆದ ಚಿತ್ರದಂತೆ ಕಂಡದ್ದು ಅವರ ಮನಸ್ಸಿನಲ್ಲಿ ಕುಳಿತಿತ್ತು. ಖಾಲಿಯಾದ ವಸ್ತುಸಂಗ್ರಹಾಲಯ, ಮಸುಕು ಗಾಜು, ಇಲ್ಲದ ಚಿತ್ರಗಳ ನೆರಳು. ಮೂರೂ ಅಲ್ಲಿ ಕೂಡಿಕೊಂಡವು. ಇಲ್ಲವಾದದ್ದನ್ನು ನೆನೆಯಲು ನೆರಳಿಗಿಂತ ತಕ್ಕ ಸಾಧನ ಸಿಕ್ಕೀತೆ?

ಕೆಲಸದ ಗುಟ್ಟು ಕೇಳಲು ಸುಲಭ, ಮಾಡಲು ಕಷ್ಟ. ಮಸುಕಾದ ಅರೆಪಾರದರ್ಶಕ ಫಲಕದ ಹಿಂದೆ ವಸ್ತುಗಳನ್ನು ಜೋಡಿಸಿ, ಅವುಗಳ ಹಿಂದಿನಿಂದ ಬೆಳಕು ಹಾಯಿಸುತ್ತಾರೆ. ಫಲಕಕ್ಕೆ ಒತ್ತಿ ಅಂಟಿಸಿದ ಕಡ್ಡಿಯ ನೆರಳು ಕಡುಕಪ್ಪು, ಅಂಚು ಚೂಪು. ಅದೇ ಕಡ್ಡಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದರೆ ನೆರಳು ಬೂದುಬಣ್ಣಕ್ಕೆ ತಿರುಗಿ ಅಂಚು ಕರಗುತ್ತದೆ. ಒಂದು ಗೇಣು ಸರಿಸಿದರೆ ಮಂಜು. ನಮ್ಮ ತೊಗಲುಗೊಂಬೆಯಾಟ ಕಂಡವರಿಗೆ ಇದು ಬೇಗ ಹೊಳೆದೀತು. ಅಲ್ಲಿ ಬಣ್ಣ ಹಚ್ಚಿದ ಚರ್ಮದ ಮೂಲಕವೇ ಬೆಳಕು ಹಾದು ಬರುತ್ತದೆ. ಗೊಂಬೆ ಪರದೆಗೆ ಒತ್ತಿಕೊಂಡಿದ್ದರೆ ಮುಖ ಸ್ಪಷ್ಟ, ಸ್ವಲ್ಪ ಹಿಂದೆ ಸರಿದರೆ ಮುಖ ಮಸುಕು. ಗೊಂಬೆಯವರು ಕುಣಿಸುತ್ತ ಮಾಡುವ ಕೆಲಸವನ್ನು ಶೂ ಬಿಂಗ್ ಅಲುಗಾಡದಂತೆ ನಿಲ್ಲಿಸಿ ಮಾಡುತ್ತಾರೆ. ಮಸಿಯೊಂದರಲ್ಲೇ ಐದು ಬಣ್ಣಗಳಿವೆ ಎಂಬುದು ಚೀನೀ ಚಿತ್ರಕಾರರು ಸಾವಿರ ವರ್ಷಕ್ಕೂ ಹಿಂದಿನಿಂದ ಹೇಳಿಕೊಂಡು ಬಂದ ಮಾತು. ಅವರು ನೀರು ಬೆರೆಸಿ ಆ ಐದು ಬಣ್ಣ ತಂದರು. ಇವರು ದೂರ ಬೆರೆಸಿ ತರುತ್ತಾರೆ.

ಇನ್ನು ನಕಲಿನ ಮಾತು. ಹಳೆಯ ಚಿತ್ರವನ್ನು ನೋಡಿ ಮತ್ತೆ ಬರೆಯುವುದು ಚೀನೀ ಪರಂಪರೆಯಲ್ಲಿ ತಲೆತಗ್ಗಿಸುವ ಕೆಲಸವಲ್ಲ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಶಿಯೆ ಹೆ ಎಂಬ ವಿಮರ್ಶಕ ಚಿತ್ರಕಲೆಗೆ ಆರು ಸೂತ್ರ ಹೇಳಿದ. ಆರನೆಯದು, ಹಿರಿಯರ ಚಿತ್ರಗಳನ್ನು ನೋಡಿ ಬರೆದು ವಿದ್ಯೆಯನ್ನು ಮುಂದಕ್ಕೆ ದಾಟಿಸುವುದು. ಈ ದಾಟಿಸುವ ಕೆಲಸದಲ್ಲಿ ವಾಂಗ್ ಶಿಮಿನ್‌ಗೆ ದೊಡ್ಡ ಹೆಸರು. 1592ರಲ್ಲಿ ಹುಟ್ಟಿದ ಅವನು ಆ ಕಾಲದ ಮಹಾಪಂಡಿತ ಡೊಂಗ್ ಚಿಚಾಂಗ್‌ನ ಶಿಷ್ಯ. ಗುರು ಶಿಷ್ಯ ಇಬ್ಬರಿಗೂ ಆದರ್ಶ, ಹದಿನಾಲ್ಕನೆಯ ಶತಮಾನದ ಹುವಾಂಗ್ ಗೊಂಗ್‌ವಾಂಗ್. ಹುವಾಂಗ್ ಮುಪ್ಪಿನಲ್ಲಿ ಬರೆದ ‘ಫುಚುನ್ ಬೆಟ್ಟಗಳಲ್ಲಿ ವಾಸ’ ಎಂಬ ಉದ್ದನೆಯ ಸುರುಳಿ ಒಂದು ಕಾಲಕ್ಕೆ ಡೊಂಗ್ ಚಿಚಾಂಗ್‌ನ ಒಡೆತನದಲ್ಲೇ ಇತ್ತು. ಅದರ ಮೇಲೆ ಅತಿಯಾದ ಮೋಹವಿದ್ದ ಮುಂದಿನ ಒಡೆಯನೊಬ್ಬ ಸಾಯುವಾಗ, ಅದು ತನ್ನೊಡನೆ ಬರಲೆಂದು 1650ರಲ್ಲಿ ಬೆಂಕಿಗೆ ಹಾಕಿಸಿದ. ಮನೆಯವನೊಬ್ಬ ಹಾರಿ ಎಳೆದುಕೊಂಡನಾದರೂ ಸುರುಳಿ ಎರಡು ತುಂಡಾಗಿತ್ತು. ಚಿಕ್ಕ ತುಂಡು ಇಂದು ಹಾಂಗ್‌ಝೌನಲ್ಲಿ, ದೊಡ್ಡ ತುಂಡು ತೈಪೆಯಲ್ಲಿ. 2011ರಲ್ಲಿ ತೈಪೆಯಲ್ಲಿ ಎರಡೂ ಅಕ್ಕಪಕ್ಕ ಸೇರಿದಾಗ ಅದು ಚೀನೀ ಲೋಕಕ್ಕೆಲ್ಲ ದೊಡ್ಡ ಸುದ್ದಿಯಾಯಿತು.

ಸುರುಳಿ ಬೆಂಕಿಗೆ ಬಿದ್ದ ನಾಲ್ಕು ವರ್ಷಕ್ಕೆ, ಮಿಂಗ್ ಸಾಮ್ರಾಜ್ಯ ಕುಸಿದ ಹತ್ತು ವರ್ಷಕ್ಕೆ ವಾಂಗ್ ಶಿಮಿನ್ ತನ್ನ 1654ರ ಬೆಟ್ಟ ಬರೆದ. ಸುತ್ತಲಿನ ಲೋಕ ಮುರಿದು ಬಿದ್ದಿದ್ದಾಗ ಅವನು ಹಿರಿಯರ ಗೆರೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸುತ್ತಿದ್ದ. ಹಾಗೆ ನೋಡಿದರೆ ಶೂ ಬಿಂಗ್ ಆರಿಸಿಕೊಂಡ ಮೂಲಚಿತ್ರವೂ ಒಂದು ಮರುಜೋಡಣೆ. ಅವರು 2014ರಲ್ಲಿ ‘ಫುಚುನ್ ಬೆಟ್ಟ’ಗಳನ್ನೂ ಇದೇ ಬಗೆಯಲ್ಲಿ ಬೆಳಕಿನಿಂದ ಕಟ್ಟಿದರು. ಹುವಾಂಗ್, ಡೊಂಗ್, ವಾಂಗ್, ಶೂ. ಸಾಲು ತುಂಡಾಗಿಲ್ಲ.

ಆ ಸಾಲನ್ನು ಹಿಡಿದಿಟ್ಟಿರುವ ಒಂದು ಎಳೆಯನ್ನು ಇಲ್ಲಿ ಎತ್ತಿ ತೋರಿಸಲೇಬೇಕು. ಬಂಡೆಯ ಮೈಯನ್ನು ತೋರಿಸಲು ಚೀನೀ ಚಿತ್ರಕಾರರು ಬಳಸುವ ಗೆರೆಗಳಿಗೆ ‘ಚುನ್’ ಎಂದು ಹೆಸರು. ಅವುಗಳಲ್ಲಿ ಹಲವು ಜಾತಿ. ಕೊಡಲಿಯಿಂದ ಕಡಿದಂತೆ ಕಾಣುವ ಗೆರೆ ಒಂದು, ಮಳೆಹನಿ ಬಿದ್ದಂತೆ ಕಾಣುವ ಗೆರೆ ಇನ್ನೊಂದು. ಹುವಾಂಗ್ ಗೊಂಗ್‌ವಾಂಗ್‌ಗೂ ಅವನ ಹಾದಿ ಹಿಡಿದವರಿಗೂ ಪ್ರಿಯವಾದದ್ದು ಉದ್ದನೆಯ, ಸಡಿಲವಾದ, ಅಲೆಅಲೆಯಾಗಿ ಇಳಿಯುವ ಗೆರೆ. ಅದರ ಹೆಸರೇ ಸೆಣಬಿನ ನಾರಿನ ಗೆರೆ. ಬ್ರಿಟಿಷ್ ಮ್ಯೂಸಿಯಂನ ಬೆಟ್ಟದ ಬೆನ್ನಿಗೆ ಹೋದವರು ಕಂಡದ್ದೇನು? ಬಿಡಿಸಿ ಹರಡಿದ ನಿಜವಾದ ಸೆಣಬಿನ ನಾರು. ನಾರನ್ನು ನೋಡಿ ಹಿರಿಯರು ಗೆರೆ ಕಲಿತರು. ಆ ಗೆರೆಯನ್ನು ನೋಡಿ ಶೂ ಬಿಂಗ್ ಮತ್ತೆ ನಾರಿಗೆ ಮರಳಿದರು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವ ನಮ್ಮ ಗಾದೆಯಲ್ಲಿ ಹತ್ತಿರ ಹೋದರೆ ಮೋಸ ಬಯಲಾಗುತ್ತದೆ ಎಂಬ ಎಚ್ಚರಿಕೆ ಇದೆ. ಶೂ ಬಿಂಗ್ ಅವರ ಬೆಟ್ಟದ ನಡತೆ ಬೇರೆ. ಹಿಂದೆ ಹೋಗಿ ಸಿಪ್ಪೆ, ಕಡ್ಡಿ, ಅಂಟುಪಟ್ಟಿಗಳನ್ನು ಕಣ್ಣಾರೆ ಕಂಡು ಮುಂದಕ್ಕೆ ಬಂದರೂ ಬೆಟ್ಟ ಹಾಗೆಯೇ ನಿಂತಿರುತ್ತದೆ. ಮಂಜು ಕದಲಿರುವುದಿಲ್ಲ. ಈಗ ನೋಡುಗನಿಗೆ ಎರಡೂ ಗೊತ್ತು, ಎರಡೂ ನಿಜ. ಇದು ಸಿಪ್ಪೆ ಎಂದು ತಿಳಿದೇ ಅವನ ಕಣ್ಣು ಮತ್ತೊಮ್ಮೆ ಬೆಟ್ಟ ಹತ್ತುತ್ತದೆ.

ಅಷ್ಟಕ್ಕೂ ಹಳೆಯ ಚಿತ್ರಗಳ ಬೆನ್ನ ಹಿಂದೆ ಇದ್ದದ್ದಾದರೂ ಏನು? ಚೀನೀ ಮಸಿ ಎಂದರೆ ಪೈನ್ ಮರ ಸುಟ್ಟ ಹೊಗೆಯ ಕಾಡಿಗೆ, ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟು. ಕುಂಚ ಎಂದರೆ ಬಿದಿರಿನ ತುಂಡಿಗೆ ಕಟ್ಟಿದ ಆಡಿನ ಕೂದಲು. ಆನ್‌ಹುಯಿ ಪ್ರಾಂತದ ಹೆಸರಾಂತ ‘ಶುವಾನ್’ ಕಾಗದವನ್ನು ಮಾಡುವುದು ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ. ಕಾಡಿಗೆ, ಕೂದಲು, ತೊಗಟೆ, ಹುಲ್ಲು. ರೈತನ ಹಿತ್ತಿಲಿನಲ್ಲೂ ಒಲೆಯ ಬಾಯಲ್ಲೂ ಸಿಗುವ ಇವೇ ವಸ್ತುಗಳು ಅರಮನೆಯ ಸಂಗ್ರಹ ಸೇರಿದ ಬೆಟ್ಟಗಳಾದವು. ಜೋಳದ ಸಿಪ್ಪೆ ಆ ಬಳಗಕ್ಕೆ ಹೊರಗಿನದಲ್ಲ. ಹಳೆಯ ಕೃತಿಯಲ್ಲಿ ವಸ್ತು ಅರೆದು, ನುಣ್ಣಗಾಗಿ, ಗುರುತು ಸಿಗದಂತೆ ಮರೆಯಾಗಿರುತ್ತದೆ. ಶೂ ಬಿಂಗ್ ಅದನ್ನು ಅರೆಯದೆ ಇದ್ದಂತೆ ಬಿಟ್ಟು ತೋರಿಸುತ್ತಾರೆ.

ಇದೇ ಹುಡುಕಾಟವನ್ನು ಅವರು ಇನ್ನೆರಡು ದಾರಿಗಳಲ್ಲೂ ನಡೆಸಿದ್ದಾರೆ. 1679ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ‘ಸಾಸಿವೆ ಕಾಳಿನ ತೋಟದ ಚಿತ್ರ ಕೈಪಿಡಿ’ ಚೀನಾದಲ್ಲಿ ಚಿತ್ರ ಕಲಿಯುವವರ ಬಾಲಬೋಧೆ ಇದ್ದಂತೆ. ಈ ಬಗೆಯ ಮರಕ್ಕೆ ಎಲೆ ಹೀಗೆ, ಆ ಬಗೆಯ ಬಂಡೆಗೆ ಗೆರೆ ಹೀಗೆ, ಸೇತುವೆಯ ಮೇಲೆ ನಡೆವ ಮುದುಕ ಹೀಗೆ ಎಂದು ಅದು ಮಾದರಿಗಳನ್ನು ಸಾಲಾಗಿ ತೋರಿಸುತ್ತದೆ. ಶೂ ಬಿಂಗ್ ಆ ಕೈಪಿಡಿಯ ಮಾದರಿಗಳನ್ನು ಕತ್ತರಿಸಿ, ಹೊಸದಾಗಿ ಹೊಂದಿಸಿ, ಮತ್ತೆ ಹಲಗೆಯಲ್ಲಿ ಕೆತ್ತಿಸಿ 2010ರಲ್ಲಿ ಒಂದು ಉದ್ದನೆಯ ಭೂದೃಶ್ಯ ಸುರುಳಿ ಮಾಡಿದರು. ಬಾಸ್ಟನ್‌ನ ಲಲಿತಕಲಾ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕಾಗಿ ಆದ ಕೆಲಸ ಅದು. ಪದಗಳಿಂದ ವಾಕ್ಯ ಕಟ್ಟುವಂತೆ ಬಂಡೆ, ಮರ, ಮುದುಕರಿಂದ ಬೆಟ್ಟ ಕಟ್ಟಿದ್ದು ಅಲ್ಲಿ ಬಿಚ್ಚಿ ಹೇಳಿದಂತೆ ಕಾಣುತ್ತದೆ.

ಇನ್ನೊಂದು ದಾರಿ ಹಿಮಾಲಯದ್ದು. 1999ರಲ್ಲಿ ನೇಪಾಳಕ್ಕೆ ಹೋದ ಶೂ ಬಿಂಗ್ ಬೆಟ್ಟಕ್ಕೆ ಎದುರಾಗಿ ಕುಳಿತು ಚಿತ್ರ ಬರೆಯತೊಡಗಿದರು. ಬರೆದದ್ದು ಅಕ್ಷರಗಳನ್ನು. ಕಲ್ಲಿರುವ ಕಡೆ ‘ಕಲ್ಲು’ ಎಂಬ ಅಕ್ಷರ, ಹುಲ್ಲಿರುವ ಕಡೆ ‘ಹುಲ್ಲು’, ಮರವಿರುವ ಕಡೆ ‘ಮರ’. ಚೀನೀ ಲಿಪಿಯಲ್ಲಿ ಮರ ಎಂಬ ಅಕ್ಷರಕ್ಕೆ ಕೊಂಬೆ ಬೇರು ಇವೆ, ಬೆಟ್ಟ ಎಂಬ ಅಕ್ಷರಕ್ಕೆ ಮೂರು ಶಿಖರ. ಅಕ್ಷರಗಳು ದಟ್ಟವಾಗುತ್ತ ಹೋದಂತೆ ಹಾಳೆಯ ಮೇಲೆ ಇಳಿಜಾರು ಮೂಡುತ್ತದೆ, ಹೊಲ ಮೂಡುತ್ತದೆ, ಹಳ್ಳ ಹರಿಯುತ್ತದೆ. ಓದಬಲ್ಲವರು ಓದುತ್ತಾರೆ, ಓದಲಾರದವರು ನೋಡುತ್ತಾರೆ. ಅಕ್ಷರಗಳನ್ನು ಕಲಿತು, ಮರೆತು, ಮತ್ತೆ ಕಲಿತ ಹುಡುಗ ನಡುವಯಸ್ಸಿನಲ್ಲಿ ಆ ಅಕ್ಷರಗಳ ಹುಟ್ಟೂರಿಗೇ ಹೋಗಿ ಬಂದಂತಿವೆ ಈ ಹಾಳೆಗಳು. 2013ರಲ್ಲಿ ಆಕ್ಸ್‌ಫರ್ಡ್‌ನ ಆಶ್‌ಮೋಲಿಯನ್ ಮ್ಯೂಸಿಯಂ ಅವರ ಭೂದೃಶ್ಯಗಳಿಗೆಂದೇ ಒಂದು ಪ್ರದರ್ಶನ ಮಾಡಿತು.

ಹಳೆಯ ಬೆಟ್ಟಗಳತ್ತ ಮುಖ ಮಾಡಿದ ಇಂದಿನ ಚೀನೀ ಕಲಾವಿದರು ಇನ್ನೂ ಇದ್ದಾರೆ. ಶಾಂಘೈನ ಯಾಂಗ್ ಯೊಂಗ್‌ಲಿಯಾಂಗ್ 1980ರಲ್ಲಿ ಹುಟ್ಟಿದವರು. ಅವರ ಡಿಜಿಟಲ್ ಚಿತ್ರಗಳು ದೂರದಿಂದ ಸಾಂಗ್ ರಾಜವಂಶದ ಕಾಲದ ಬೆಟ್ಟಗಳು. ಹತ್ತಿರ ಹೋದರೆ ಬಂಡೆಗಳೆಲ್ಲ ಬಹುಮಹಡಿ ಕಟ್ಟಡಗಳು, ಮರಗಳೆಲ್ಲ ವಿದ್ಯುತ್ ಗೋಪುರಗಳು, ಕಟ್ಟಡ ಕೆಲಸದ ಕ್ರೇನುಗಳು. ಬೀಜಿಂಗ್‌ನ ಯಾವೊ ಲು ಅವರ ಹಸಿರು ಬೆಟ್ಟಗಳು ನಿಜಕ್ಕೂ ಧೂಳು ಏಳದಂತೆ ಹಸಿರು ಬಲೆ ಹೊದಿಸಿದ ಕಟ್ಟಡತ್ಯಾಜ್ಯದ ಗುಡ್ಡೆಗಳ ಛಾಯಾಚಿತ್ರಗಳು. ಆ ಹಸಿರು ಬಲೆ ಬೆಳೆಯುತ್ತಿರುವ ಯಾವ ಊರಿನವರಿಗೂ ಗುರುತಿದ್ದದ್ದೇ. ಇಬ್ಬರೂ ಬೆಟ್ಟ ಕಳೆದುಕೊಂಡ ಸಂಕಟವನ್ನು ಹೇಳುತ್ತಾರೆ, ಬಲವಾಗಿ ಹೇಳುತ್ತಾರೆ. ಅವರ ಚಿತ್ರದಲ್ಲಿ ಕಟ್ಟಡ ಒಮ್ಮೆ ಕಣ್ಣಿಗೆ ಬಿದ್ದರೆ ಬೆಟ್ಟ ಹಿಂದಿನ ನೆಮ್ಮದಿಗೆ ಮರಳುವುದಿಲ್ಲ. ಶೂ ಬಿಂಗ್ ಅವರಲ್ಲಿ ಬೆಟ್ಟ ಮರಳುತ್ತದೆ. ಮೂವರ ನಡುವೆ ಅವರ ಕೆಲಸ ಬೇರೆಯಾಗಿ ನಿಲ್ಲುವುದು ಈ ಕಾರಣಕ್ಕೆ.

ಇದನ್ನು ನೋಡಲು ಲಂಡನ್ ಬರ್ಲಿನ್‌ಗಳವರೆಗೆ ಹೋಗಲಾಗದವರಿಗೂ ಒಮ್ಮೆ ಅವಕಾಶ ಒದಗಿತ್ತು. 2014ರ ಡಿಸೆಂಬರ್‌ನಲ್ಲಿ ತೆರೆದ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಈ ಸರಣಿಯ ಒಂದು ಬೆಟ್ಟಸಾಲು ಬಂತು. ಬೆಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣ. ಮೆಣಸು, ಶುಂಠಿಯ ವ್ಯಾಪಾರಕ್ಕೆ ಶತಮಾನಗಳ ಹಿಂದೆ ಚೀನೀ ಹಡಗುಗಳು ಬರುತ್ತಿದ್ದ, ಚೀನೀ ಬಲೆಗಳೆಂದೇ ಕರೆಯುವ ಮೀನಿನ ಬಲೆಗಳು ಇಂದಿಗೂ ನೀರಿಗೆ ಇಳಿದೇಳುವ ಕರಾವಳಿ ಅದು.

ಇಂಥ ಬೆಟ್ಟಗಳಿಗೆ ಆಯಸ್ಸು ಕಡಿಮೆ. ಇವನ್ನು ಸುತ್ತಿಡಲು ಬರುವುದಿಲ್ಲ. ಮೂಲದ ಸುರುಳಿಗೆ ಬೆಳಕೇ ಶತ್ರು. ಹಾಳೆ ಕೆಡದಿರಲೆಂದು ಅಂಥ ಚಿತ್ರಗಳನ್ನು ಕೆಲವು ಕಾಲ ತೋರಿಸಿ ಮತ್ತೆ ಕತ್ತಲೆಯ ಪೆಟ್ಟಿಗೆಗೆ ಇಳಿಸುತ್ತಾರೆ. ಶೂ ಬಿಂಗ್ ಅವರ ಬೆಟ್ಟಕ್ಕೆ ಬೆಳಕೇ ಉಸಿರು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕಾವಲಿನವನು ಗುಂಡಿ ಒತ್ತಿದರೆ ಶಿಖರ, ಮಂಜು, ಮರ ಒಟ್ಟಿಗೆ ಆರುತ್ತವೆ. ಮಸುಕು ಫಲಕದ ಹಿಂದೆ, ಕತ್ತಲೆಯಲ್ಲಿ, ಒಣಗಿದ ಜೋಳದ ಸಿಪ್ಪೆ ಬೆಳಗಿನ ದೀಪಕ್ಕಾಗಿ ಕಾಯುತ್ತಿರುತ್ತದೆ.